ಸುಳ್ಳಿಗೆ ಕನ್ನಡ ಬರುತ್ತೆ, ಮಾತ್ರೆಗೆ ಯಾಕೆ ಬರಲ್ಲ?



ಇವತ್ತು ರಾತ್ರಿ ಊಟ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಅಪ್ಪನೋ ಅಮ್ಮನೋ ಸಕ್ಕರೆ ಕಾಯಿಲೆಗೆ ನುಂಗುವ ಮಾತ್ರೆಯ ಹಾಳೆಯನ್ನು ಕೈಗೆತ್ತಿಕೊಳ್ಳಿ. ತಿರುಗಿಸಿ ನೋಡಿ. ಔಷಧಿಯ ಹೆಸರು ಇಂಗ್ಲಿಷು. ಎಷ್ಟು ಮಿಲಿಗ್ರಾಂ ಅನ್ನುವುದು ಇಂಗ್ಲಿಷು. ಎಲ್ಲಿಡಬೇಕು, ಯಾವಾಗ ಹಾಳಾಗುತ್ತೆ ಅನ್ನುವುದೂ ಇಂಗ್ಲಿಷು. "ವೈದ್ಯರ ಸಲಹೆ ಇಲ್ಲದೆ ತೆಗೆದುಕೊಂಡರೆ ಅಪಾಯ" ಅನ್ನುವ ಎಚ್ಚರಿಕೆ ಇದೆಯಲ್ಲ, ಅದೂ ಇಂಗ್ಲಿಷೇ! ಎಚ್ಚರಿಕೆ ಯಾರಿಗೆ ಸ್ವಾಮಿ? ಓದಲು ಬಾರದವನ ಕೈಗೆ ಕೊಟ್ಟ ಎಚ್ಚರಿಕೆಗೆ ಎಚ್ಚರಿಕೆ ಅನ್ನುತ್ತಾರಾ?

ಈಗ ಅದೇ ಅಪ್ಪನ ಮೊಬೈಲು ತೆಗೆಯಿರಿ. ವಾಟ್ಸಾಪ್ ನೋಡಿ. "ಮಾತ್ರೆ ಬಿಸಾಕಿ! ಮೂವತ್ತೇ ದಿನದಲ್ಲಿ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕಿ!" ಎಂಥಾ ಕನ್ನಡ! ಕಾಗುಣಿತ ತಪ್ಪಿಲ್ಲ, ಗಾದೆಗೆ ಕೊರತೆಯಿಲ್ಲ, "ಅಣ್ಣಾ, ಅಕ್ಕಾ" ಅನ್ನುವ ಅಕ್ಕರೆ ಬೇರೆ. ನಮ್ಮಜ್ಜಿ ಮಾತಾಡಿದ ಹಾಗೇ ಇದೆ. ಅಪ್ಪ ನಂಬದೆ ಇನ್ನೇನು ಮಾಡಿಯಾನು?

ಇದೇ ನಮ್ಮ ದುರಂತ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಸತ್ಯ ಇಂಗ್ಲಿಷಿನಲ್ಲಿ ಬರುತ್ತೆ, ಸುಳ್ಳು ಕನ್ನಡದಲ್ಲಿ ಬರುತ್ತೆ. ಸತ್ಯಕ್ಕೆ ಕನ್ನಡಿಗನ ಮನೆ ಬಾಗಿಲು ಗೊತ್ತಿಲ್ಲ. ಸುಳ್ಳು ಅಡುಗೆಮನೆಗೇ ಬಂದು ಕೂತಿದೆ. ಇದರ ಬೆಲೆಯನ್ನು ನಮ್ಮ ಹಿರಿಯರು ಕಣ್ಣಿನಲ್ಲಿ, ಕಾಲಿನಲ್ಲಿ, ಮೂತ್ರಪಿಂಡದಲ್ಲಿ ಕಟ್ಟುತ್ತಿದ್ದಾರೆ.

ಇದು ಮುದುಕರ ಕಾಯಿಲೆ ಅಂದುಕೊಂಡಿರಾ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಹಳ್ಳಿಗಿಂತ ಪಟ್ಟಣದಲ್ಲಿ ಹೆಚ್ಚು. ಅಂದರೆ ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಕಡೆ ಒಂದು ಬೀದಿ ಸುತ್ತಿ ಬಂದರೆ ಸಕ್ಕರೆ ಇಲ್ಲದ ಮನೆ ಹುಡುಕುವುದೇ ಕಷ್ಟ.

ಇನ್ನೊಂದು ಮಾತು. ಬಿಳಿಯರಿಗೆ ಹೋಲಿಸಿದರೆ ನಮ್ಮ ಜನಕ್ಕೆ ಈ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತೆ, ಕಡಿಮೆ ತೂಕಕ್ಕೇ ಬರುತ್ತೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇದು ನಮ್ಮ ಮೈಯ ಲಕ್ಷಣ. ಅದಕ್ಕೇ ನಮಗೆ ಬೇರೆ ಅಳತೆ: ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80. ದಾಟಿದರೆ ಹುಷಾರು. ಸರ್ಕಾರದ ತಪಾಸಣೆ ಕಾರ್ಯಕ್ರಮ 30 ವರ್ಷ ದಾಟಿದವರಿಗೆ. ಆದರೆ ಅಪ್ಪ ಅಮ್ಮನಿಗೆ ಸಕ್ಕರೆ ಇದ್ದು, ನಿಮ್ಮ ಪ್ಯಾಂಟು ವರ್ಷ ವರ್ಷ ಬಿಗಿಯಾಗುತ್ತಿದ್ದರೆ 30ರ ತನಕ ಕಾಯಬೇಡಿ. ಪೀಣ್ಯದಲ್ಲಿ ರಾತ್ರಿ ಪಾಳಿ ಮಾಡಿ ಬೆಳಗ್ಗೆ ಪೂರಿ ತಿಂದು ಮಲಗುವ ಗೆಳೆಯರೇ, ಈ ಮಾತು ನಿಮಗೂ ಸೇರಿ.

ಅಂಕಿ ನೆನಪಿಡಿ. ಬರಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು. ಎಚ್‌ಬಿಎ1ಸಿ ಅನ್ನುವ ಪರೀಕ್ಷೆಯಲ್ಲಿ 6.5 ಅಥವಾ ಹೆಚ್ಚು ಬಂದರೆ, ಮತ್ತೊಮ್ಮೆ ಪರೀಕ್ಷಿಸಿ ಖಾತ್ರಿಯಾದರೆ, ಸಕ್ಕರೆ ಕಾಯಿಲೆ. ಬರಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಹೊಸ್ತಿಲು. ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದು. ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ತಿದ್ದಿಕೊಂಡು ನಡಿಗೆ ಶುರು ಮಾಡಿದವರಲ್ಲಿ ಕಾಯಿಲೆಗೆ ಜಾರುವ ಸಾಧ್ಯತೆ ಶೇಕಡಾ 28ರಷ್ಟು ಕಡಿಮೆಯಾಯಿತು. ಪಕ್ಕದ ಮದ್ರಾಸಿನಲ್ಲಿ, ನಮ್ಮಂತೆಯೇ ಅನ್ನ-ಸಾಂಬಾರು ತಿನ್ನುವ ಜನರ ಮೇಲೆ ಆದ ಅಧ್ಯಯನ ಇದು. ಅಮೆರಿಕದ ಮಾತಲ್ಲ.

ಎಚ್‌ಬಿಎ1ಸಿ ಅಂದರೆ ಏನು? ರಕ್ತದ ಕೆಂಪು ಕಣಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ. ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಡಾಕ್ಟರಿಗೆ ಟೋಪಿ ಹಾಕುವವರ ಆಟ ಇದರ ಮುಂದೆ ನಡೆಯಲ್ಲ! ಬಹುಪಾಲು ಜನರಿಗೆ ಇದು 7ರ ಒಳಗಿರಬೇಕು. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ.

ಆ ಮಾತ್ರೆ ಏನು ಮಾಡುತ್ತೆ? ಯಾರಾದರೂ ಹೇಳಿದರಾ?

ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವವರನ್ನು ಕೇಳಿ ನೋಡಿ. "ಏನೋ ಬಿಳೀ ಮಾತ್ರೆ ಕಣಪ್ಪ, ಬೆಳಗ್ಗೆ ಒಂದು ರಾತ್ರಿ ಒಂದು." ಇಷ್ಟೇ ಉತ್ತರ. ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ. ಅವರದಲ್ಲ ತಪ್ಪು. ಹೇಳಿದವರು ಯಾರು? ಹಾಗಾದರೆ ನಾವೇ ಹೇಳೋಣ, ಕೇಳಿ.

ಮೊದಲನೆಯದು ಮೆಟ್‌ಫಾರ್ಮಿನ್. 1957ರಿಂದ ಬಳಕೆಯಲ್ಲಿರುವ ಹಳೇ ಹುಲಿ. ನಮ್ಮ ಯಕೃತ್ತು ಹಗಲು ರಾತ್ರಿ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಮಿತಿ ಮೀರುತ್ತೆ. ಮೆಟ್‌ಫಾರ್ಮಿನ್ ಅದಕ್ಕೆ ಕಡಿವಾಣ. ಇದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಏಕಾಏಕಿ ಕುಸಿಯುವುದು ಅಪರೂಪ. ಹೊಟ್ಟೆ ತೊಳಸಿದಂತೆ ಆಗಬಹುದು, ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಿ ಅನ್ನುವುದು. ಬಹಳ ವರ್ಷ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಮೊಟ್ಟೆ ಮಾಂಸ ಮುಟ್ಟದ ಮನೆಗಳಲ್ಲಿ ಇದನ್ನು ಪರೀಕ್ಷೆ ಮಾಡಿಸಲೇಬೇಕು. ಕಾಲು ಜುಮ್ಮೆಂದರೆ "ಸಕ್ಕರೆಯಿಂದ" ಅಂದು ಸುಮ್ಮನಾಗಬೇಡಿ. ಮೂತ್ರಪಿಂಡ ಸೋತವರಿಗೆ ಇದರ ಪ್ರಮಾಣ ಇಳಿಸಬೇಕು ಅಥವಾ ನಿಲ್ಲಿಸಬೇಕು. ಅದು ಡಾಕ್ಟರ ಕೆಲಸ, ಪಕ್ಕದ ಮನೆಯವರ ಕೆಲಸವಲ್ಲ.

ಹಾಳೆಯ ಮೇಲೆ ಹೆಸರಿನ ಪಕ್ಕ "ಎಸ್‌ಆರ್", "ಇಆರ್", "ಎಕ್ಸ್‌ಆರ್" ಅಂತ ಎರಡಕ್ಷರ ಇರುತ್ತೆ. ನಿಧಾನವಾಗಿ ಕರಗುವ ಮಾತ್ರೆ ಅಂತ ಅರ್ಥ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ನುಂಗಲು ಕಷ್ಟ ಅಂತ ಕುಟ್ಟಾಣಿಯಲ್ಲಿ ಕುಟ್ಟಿ ಕುಡಿಯುವ ಅಜ್ಜಿಗೆ ಆ ಎರಡಕ್ಷರ ಓದಿ ಹೇಳುವವರು ಯಾರು?

ಎರಡನೆಯ ಗುಂಪು ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಥರದವು. ಇವು ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುತ್ತವೆ. ಇಲ್ಲೇ ಅಪಾಯ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ 70ರ ಕೆಳಗೆ ಕುಸಿಯುತ್ತೆ. ಬೆವರು, ನಡುಕ, ಎದೆ ಡವಡವ, ತಲೆಸುತ್ತು, ಮಾತು ತಡವರಿಕೆ. ಏಕಾದಶಿ ಉಪವಾಸ, ಶಿವರಾತ್ರಿ ಜಾಗರಣೆ, ರಂಜಾನ್ ಉಪವಾಸ ಇರುವವರು ಮೊದಲೇ ಡಾಕ್ಟರನ್ನು ಕೇಳಬೇಕು ಅನ್ನುವುದು ಇದಕ್ಕೇ. ಸಕ್ಕರೆ ಕುಸಿದಾಗ ಪ್ರಜ್ಞೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಈ ನಾಲ್ಕು ಸಾಲು ಆ ಮಾತ್ರೆಯ ಹಾಳೆಯ ಜೊತೆ ಕನ್ನಡದಲ್ಲಿ ಸಿಗಬೇಕಿತ್ತಲ್ಲವೇ? ಈ ನಾಲ್ಕು ಸಾಲಿಗೆ ಇಂಗ್ಲಿಷ್ ಮೀಡಿಯಂ ಓದಿರಬೇಕಾ?

ಇನ್ನೊಂದು ಗಂಡಾಂತರ ಕೇಳಿ. ಅಂಗಡಿಯಲ್ಲಿ ಒಂದು ಕಂಪನಿಯ ಮಾತ್ರೆ ಮುಗಿದಿರುತ್ತೆ, ಬೇರೆ ಕಂಪನಿಯದು ಕೊಡುತ್ತಾರೆ. ಒಳಗಿನ ಔಷಧಿ ಒಂದೇ, ಹೊರಗಿನ ಹೆಸರು ಬೇರೆ. ಮನೆಯಲ್ಲಿ ಹಳೆಯದೂ ನಾಲ್ಕು ಉಳಿದಿರುತ್ತೆ. ಓದಲು ಬಾರದವರು ಎರಡನ್ನೂ ನುಂಗುತ್ತಾರೆ! ಔಷಧಿಯ ಮೂಲ ಹೆಸರು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ದೊಡ್ಡ ಅಕ್ಷರ ಯಾವ ಲಿಪಿಯಲ್ಲಿ? ಗೊತ್ತಲ್ಲ!

ಮೂರನೆಯದು ಹೊಸ ಗುಂಪು. ಡಾಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್. ಇವು ಹೆಚ್ಚುವರಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯ, ಮೂತ್ರಪಿಂಡ ಎರಡಕ್ಕೂ ಕಾವಲು. ಶ್ರೀಮಂತರ ಔಷಧಿ ಅನ್ನುವ ಕಾಲ ಹೋಯಿತು. ನಮ್ಮ ದೇಶದಲ್ಲಿ ಮೊದಲನೆಯದರ ಪೇಟೆಂಟು 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿದಿದೆ. "ನನಗೆ ಇದು ಬೇಕಾಗುತ್ತಾ ಡಾಕ್ಟ್ರೇ?" ಅಂತ ಕೇಳುವ ಹಕ್ಕು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಅಕ್ಕನಿಗೂ ಇದೆ. ಆದರೆ ಇದನ್ನು ತೆಗೆದುಕೊಳ್ಳುವವರು ನೀರು ಚೆನ್ನಾಗಿ ಕುಡಿಯಬೇಕು, ಗುಪ್ತಾಂಗವನ್ನು ಸ್ವಚ್ಛವಾಗಿಟ್ಟುಕೊಳ್ಳಬೇಕು, ವಾಂತಿ ಭೇದಿ ಹಿಡಿದರೆ ಡಾಕ್ಟರಿಗೆ ತಿಳಿಸಬೇಕು. ಇದನ್ನು ನಾಚಿಕೆ ಬಿಟ್ಟು ಅವಳ ಭಾಷೆಯಲ್ಲಿ ಹೇಳದೆ ಬರಿ ಚೀಟಿ ಗೀಚಿ ಕೊಟ್ಟರೆ ಅರ್ಧ ಚಿಕಿತ್ಸೆ.

ಕೊನೆಗೆ ಇನ್ಸುಲಿನ್. "ಇನ್ಸುಲಿನ್ ಹಾಕಿದರೆ ಕಥೆ ಮುಗಿಯಿತು" ಅನ್ನುವ ಹೆದರಿಕೆ ಎಷ್ಟು ಜನರನ್ನು ಕೆಡಿಸಿದೆಯೋ! ಇನ್ಸುಲಿನ್ ಚಟವಲ್ಲ, ಸೋಲೂ ಅಲ್ಲ. ಗ್ರಂಥಿ ಸುಸ್ತಾದಾಗ ಹೊರಗಿನಿಂದ ಕೊಡುವ ಊರುಗೋಲು. ಅದನ್ನು ತಯಾರಿಸುವ ಊರು ನಮ್ಮದೇ ಬೆಂಗಳೂರು. ಇಲ್ಲಿನ ಬಯೋಕಾನ್ 2004ರಲ್ಲೇ ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ತಯಾರಿಸುವ ಊರಿನ ಜನಕ್ಕೆ ಇನ್ಸುಲಿನ್ ಅಂದರೆ ದೆವ್ವ ಕಂಡಷ್ಟು ಭಯ ಇರುವುದು ನಾಚಿಕೆಗೇಡಲ್ಲವೇ?

"ಮಾತ್ರೆ ಬಿಡಿ" ಅನ್ನುವ ದಂಧೆ

ಈಗ ಕನ್ನಡ ಚೆನ್ನಾಗಿ ಬಲ್ಲ ಸುಳ್ಳುಗಾರರ ಕಡೆ ಬನ್ನಿ.

1954ರ ಒಂದು ಕಾನೂನಿದೆ. ಮಾಂತ್ರಿಕ ಔಷಧಿ, ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾನೂನು. ಯಾವ ಯಾವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅನ್ನುವ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. 70 ವರ್ಷ ದಾಟಿದ ಕಾನೂನು! ಆದರೂ ಮಾಗಡಿ ರಸ್ತೆಯ ಗೋಡೆಯಿಂದ ಹಿಡಿದು ಬೆಳಗಿನ ಟಿವಿಯವರೆಗೆ ಸಕ್ಕರೆ ಓಡಿಸುವ ಪುಡಿಗಳದ್ದೇ ದರ್ಬಾರು. 2024ರಲ್ಲಿ ಸುಪ್ರೀಂ ಕೋರ್ಟು ದಾರಿ ತಪ್ಪಿಸುವ ಜಾಹೀರಾತಿಗಾಗಿ ಪತಂಜಲಿಯಂಥ ದೊಡ್ಡ ಕುಳವನ್ನೇ ಕಟಕಟೆಗೆ ಎಳೆದು, ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕುವಂತೆ ಮಾಡಿತು. ದೊಡ್ಡವರು ಕ್ಷಮೆ ಕೇಳಿದರು. ಬೀದಿಯ ಸಣ್ಣವರನ್ನು ಹಿಡಿಯುವವರು ಯಾರು?

ಹಾಗಲಕಾಯಿ ತಿನ್ನಿ, ಬೇಡ ಅನ್ನಲ್ಲ. ಮೆಂತ್ಯ ನೆನೆಸಿ ತಿನ್ನಿ, ನಾರಿನಂಶ ಒಳ್ಳೆಯದು. ಆದರೆ ಅವು ಪಲ್ಯ. ಮಾತ್ರೆಯ ಬದಲಿ ಅಲ್ಲ. ಇನ್ನು ಹೆಸರಿಲ್ಲದ ಡಬ್ಬಿಯ ಪುಡಿ ತಿಂದ ವಾರಕ್ಕೇ ಸಕ್ಕರೆ ಇಳಿಯಿತು ಅಂದರೆ ಖುಷಿಪಡಬೇಡಿ, ಅನುಮಾನಪಡಿ. ಇಂಥ "ಗಿಡಮೂಲಿಕೆ" ಪುಡಿಗಳಲ್ಲಿ ಗುಟ್ಟಾಗಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪ್ರಪಂಚದ ಹಲವು ಕಡೆ ಸಿಕ್ಕಿಬಿದ್ದಿದೆ. ಸೀಸದಂಥ ವಿಷಲೋಹವೂ ಸಿಕ್ಕಿದೆ.

"ಸಕ್ಕರೆ ಕಾಯಿಲೆ ಹಿಂದಕ್ಕೆ ಹೋಗೋದೇ ಇಲ್ವಾ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕಾಯಿಲೆ ಶುರುವಾಗಿ ಆರು ವರ್ಷದ ಒಳಗಿನವರನ್ನು, ಇನ್ಸುಲಿನ್ ಇಲ್ಲದವರನ್ನು ಆರಿಸಿದರು. ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ಕೆಲವು ತಿಂಗಳು ತೀರಾ ಕಟ್ಟುನಿಟ್ಟಿನ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ ನೂರಕ್ಕೆ 46 ಮಂದಿಗೆ ಮಾತ್ರೆ ಇಲ್ಲದೆ ಸಕ್ಕರೆ ಹತೋಟಿಗೆ ಬಂತು. ಮಿಕ್ಕವರಿಗೆ ಬರಲಿಲ್ಲ. ಬಂದವರಲ್ಲೂ ತೂಕ ಏರಿದವರಿಗೆ ಕಾಯಿಲೆ ವಾಪಸಾಯಿತು. ಇದು ನಿಜ. ತೂಕ ಇಳಿಸಿ, ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರೆ ಇಳಿಸಿ. ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ ಪುಡಿ ಕೊಳ್ಳುವುದಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರ.

ಮಾತ್ರೆ ಬಿಟ್ಟವರಿಗೆ ಏನಾಗುತ್ತೆ? ತಕ್ಷಣ ಏನೂ ಆಗಲ್ಲ. ಅದೇ ಮೋಸ! ಸಕ್ಕರೆ ಕಾಯಿಲೆ ಹಲ್ಲುನೋವಿನಂತೆ ಕೂಗಿ ಹೇಳುವುದಿಲ್ಲ. ಬ್ರಿಟನ್ನಿನ ಇನ್ನೊಂದು ದೊಡ್ಡ ಅಧ್ಯಯನ 1977ರಲ್ಲಿ ಶುರುವಾಯಿತು. 5 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಇಪ್ಪತ್ತು ವರ್ಷ ಗಮನಿಸಿ 1998ರಲ್ಲಿ ಫಲಿತಾಂಶ ಕೊಟ್ಟರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳದ ತೊಂದರೆಗಳು ಶೇಕಡಾ 25ರಷ್ಟು ಕಡಿಮೆ. ಇಂದಿನ ಮಾತ್ರೆಯ ಲಾಭ ಹತ್ತು ವರ್ಷದ ನಂತರ ಗೊತ್ತಾಗುತ್ತೆ. ಇಂದು ಮಾತ್ರೆ ಬಿಟ್ಟ ನಷ್ಟವೂ ಹಾಗೆಯೇ. ಆ ಹೊತ್ತಿಗೆ ಪುಡಿ ಮಾರಿದವನು ನಂಬರ್ ಬದಲಿಸಿರುತ್ತಾನೆ.

ಮುದ್ದೆಗೆ ಮರ್ಯಾದೆ ಕೊಡಿ, ಅಳತೆಯನ್ನೂ ಕೊಡಿ

ಊಟದ ವಿಷಯಕ್ಕೆ ಬರೋಣ. ಇಲ್ಲಿ ಎರಡು ಕಡೆಯ ದಬ್ಬಾಳಿಕೆ. ಒಂದು ಕಡೆ ಎಲ್ಲೋ ಅಚ್ಚಾದ ಇಂಗ್ಲಿಷ್ ಡಯಟ್ ಚಾರ್ಟು: ಓಟ್ಸು, ಬ್ರೊಕೊಲಿ, ಆಲಿವ್ ಎಣ್ಣೆ, ರಾತ್ರಿ ಎರಡು ಫುಲ್ಕಾ. ನಮ್ಮವರು ಓದಿ ಮಡಿಸಿ ಬೀರುವಿನಲ್ಲಿಡುತ್ತಾರೆ. ಇನ್ನೊಂದು ಕಡೆ ನಮ್ಮವರದೇ ಮೂಢನಂಬಿಕೆ: "ರಾಗಿ ತಿಂದರೆ ಸಕ್ಕರೆ ಏರೋದೇ ಇಲ್ಲ!"

ರಾಗಿ ನಮ್ಮ ಹೆಮ್ಮೆ. ಆದರೆ ಹೆಮ್ಮೆಗೂ ಲೆಕ್ಕ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟ, ಅಂದರೆ ಕೊನೆಗೆ ಸಕ್ಕರೆಯಾಗುವ ಪದಾರ್ಥ. ಬಿಳಿ ಅಕ್ಕಿಯಲ್ಲಿ ಸುಮಾರು 78. ಬಹಳ ದೊಡ್ಡ ಅಂತರವೇನಲ್ಲ. ರಾಗಿಯ ಶಕ್ತಿ ನಾರಿನಲ್ಲಿದೆ: ನೂರು ಗ್ರಾಮಿಗೆ ಸುಮಾರು 11 ಗ್ರಾಂ. ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ಸುಣ್ಣದಂಶ. ಹಾಗಾಗಿ ಅನ್ನಕ್ಕಿಂತ ಮುದ್ದೆ ಮೇಲು. ಆದರೆ ಕ್ರಿಕೆಟ್ ಚೆಂಡಿನಷ್ಟು ದೊಡ್ಡ ಎರಡು ಮುದ್ದೆ ಬಾರಿಸಿ, ಮೇಲೆ ಒಂದು ತಟ್ಟೆ ಅನ್ನ ಹಾಕಿಸಿಕೊಂಡು "ನಾನು ರಾಗಿ ತಿಂದೆ" ಅಂದರೆ ಮೀಟರು ನಗುತ್ತೆ! ಅದೇ ರಾಗಿಯನ್ನು ನುಣ್ಣಗೆ ಜರಡಿ ಹಿಡಿದು, ತೆಳ್ಳಗೆ ಗಂಜಿ ಕಾಯಿಸಿ, ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಇನ್ನೂ ಬೇಗ ಏರುತ್ತೆ. ಸಿರಿಧಾನ್ಯಕ್ಕೂ ಇದೇ ಮಾತು. ಒಳ್ಳೆಯ ಧಾನ್ಯವೂ ಧಾನ್ಯವೇ, ಔಷಧಿಯಲ್ಲ.

ಬೆಲ್ಲ ಸೇಫು, ಜೇನು ಸೇಫು ಅನ್ನುವುದು ಇನ್ನೊಂದು ಸುಳ್ಳು. ಬೆಲ್ಲದ ಬಹುಪಾಲು ಸಕ್ಕರೆಯೇ. ಬಣ್ಣ ಬದಲಾದ ಮಾತ್ರಕ್ಕೆ ರಕ್ತ ಮೋಸ ಹೋಗುವುದಿಲ್ಲ.

ಹಾಗಾದರೆ ಏನು ತಿನ್ನಬೇಕು? ತಟ್ಟೆಯನ್ನು ಮನಸ್ಸಿನಲ್ಲೇ ಭಾಗ ಮಾಡಿ. ಅರ್ಧ ತಟ್ಟೆ ಸೊಪ್ಪು ತರಕಾರಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲು ಭಾಗ ಮಾತ್ರ ಮುದ್ದೆ, ಅನ್ನ ಅಥವಾ ಚಪಾತಿ. ಇದಕ್ಕೆ ಬ್ರೊಕೊಲಿ ಬೇಕಿಲ್ಲ! ಬಸ್ಸಾರು ಮಾಡಿ ಸೊಪ್ಪು ಕಾಳಿನ ಪಲ್ಯ ಜಾಸ್ತಿ ಬಡಿಸಿಕೊಳ್ಳಿ. ಮಸ್ಸೊಪ್ಪು ಇದೆ, ಉಪ್ಪುಸಾರು ಇದೆ, ಹುರುಳಿಕಾಳು ಸಾರಿದೆ, ಚಳಿಗಾಲಕ್ಕೆ ಅವರೆಕಾಳಿದೆ. ಕಾಳೂ ಸೊಪ್ಪೂ ಇಷ್ಟು ಸಲೀಸಾಗಿ ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆ ನಮ್ಮ ಹಳೇ ಮೈಸೂರು ಸೀಮೆಯದು. ಸಾರು ಅಪರೂಪವಾಗಿ, ಅನ್ನ ಬೆಟ್ಟವಾಗಿ ಬೆಳೆದದ್ದು ನಮ್ಮ ಪಟ್ಟಣದ ಅಭ್ಯಾಸ.

ಬಾಳೆಲೆಯ ಊಟದಲ್ಲಿ ಮೊದಲು ಬಡಿಸುವುದು ಏನು? ಕೋಸಂಬರಿ, ಪಲ್ಯ. ಅನ್ನ ಆಮೇಲೆ. ತರಕಾರಿ, ಕಾಳು ಮೊದಲು ತಿಂದು ಪಿಷ್ಟ ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತೆ ಅಂತ ಈಗ ಸಂಶೋಧಕರು ಅಳೆದು ಹೇಳುತ್ತಿದ್ದಾರೆ. ಎಲೆ ಹಾಕಿದ ಕೂಡಲೆ ಕೋಸಂಬರಿಯನ್ನು ಪಕ್ಕಕ್ಕೆ ತಳ್ಳಿ ಅನ್ನಕ್ಕೆ ಕೈ ಹಾಕುವವರು ಇನ್ನಾದರೂ ಕೋಸಂಬರಿ ಖಾಲಿ ಮಾಡಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ಸ್ನಾಯು ದುಡಿದರೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತೆ. ಜಿಮ್ಮಿನ ಫೀಸು ಬೇಕಿಲ್ಲ.

ದರ್ಶಿನಿ ಪ್ರಿಯರೇ, ಒಂದು ಮಾತು. ಚೌಚೌ ಬಾತ್ ಅಂದರೇನು? ಒಂದು ಕಡೆ ರವೆ, ಇನ್ನೊಂದು ಕಡೆ ಸಕ್ಕರೆ ಹಾಕಿದ ರವೆ! ಮೇಲೆ ಸಕ್ಕರೆ ಕಾಫಿ. ಬೈಟು ಅಂತ ದಿನಕ್ಕೆ ಆರು ಸಲ ಕುಡಿದರೆ ಅದು ಮೂರು ಫುಲ್ ಕಾಫಿಯೇ, ಲೆಕ್ಕ ತಪ್ಪಿಸಬೇಡಿ. ತಿನ್ನಲೇಬೇಡಿ ಅನ್ನುತ್ತಿಲ್ಲ. ಯುಗಾದಿಯ ಒಂದು ಹೋಳಿಗೆಯಿಂದ ಯಾರ ಕಾಲೂ ಹೋಗುವುದಿಲ್ಲ. ದಿನಾ ಹಬ್ಬ ಮಾಡುವುದರಿಂದ ಹೋಗುತ್ತೆ.

ಪೊಟ್ಟಣದ ಹಿಂದಿನ ಸಂಚು

ಅಂಗಡಿಗೆ ಹೋಗಿ. "ರಾಗಿ ಬಿಸ್ಕತ್ತು", "ಶುಗರ್ ಫ್ರೀ", "ಡೈಜೆಸ್ಟಿವ್". ಪೊಟ್ಟಣ ತಿರುಗಿಸಿ. ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯಲ್ಲಿ ಅತಿ ಹೆಚ್ಚು ಹಾಕಿದ್ದು ಮೊದಲು ಬರಬೇಕು ಅನ್ನುವುದು ನಿಯಮ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲು ಮೈದಾ ಬಂದು, ರಾಗಿ ಎಲ್ಲೋ ಮೂಲೆಯಲ್ಲಿದ್ದರೆ ಅದು ಮೈದಾ ಬಿಸ್ಕತ್ತು! "ಸಕ್ಕರೆ ಹಾಕಿಲ್ಲ" ಅಂದರೂ ಮೈದಾ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತೆ.

ನೀವು ಓದಿದಿರಿ, ತಿಳಿಯಿತು. ನಿಮ್ಮಮ್ಮ? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುವುದು ಏನು ಗೊತ್ತಾ? ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆ ಹಾಕಿದರೆ ಅಡ್ಡಿಯಿಲ್ಲ ಅಷ್ಟೇ. ಅಂದರೆ ಕನ್ನಡ ಕಂಪನಿಯ ದಯೆ! ಕನ್ನಡನಾಡಿನಲ್ಲಿ ಮಾರುವ, ಕನ್ನಡಿಗ ತಿನ್ನುವ ಬಿಸ್ಕತ್ತಿನಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳುವುದು ಕಡ್ಡಾಯವಲ್ಲ. ಇದು ಬರೀ ಭಾಷೆಯ ಅವಮಾನ ಅಂದುಕೊಳ್ಳಬೇಡಿ. ಇದು ತಟ್ಟೆಗೆ ಕಣ್ಣು ಕಟ್ಟುವ ಕೆಲಸ.

ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ರಾಜ್ಯ ಸರ್ಕಾರದ ಅನುಮತಿಯಿಂದ ಇಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅಂತ ಅದರಲ್ಲಿದೆ. ಸಂತೋಷ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಮಾತ್ರೆ, ಬಿಸ್ಕತ್ತಿಗೆ ಹೇಳುವವರು ಯಾರು? ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಬೇಕು ಅಂತ ನಾವೆಲ್ಲ ಕೂಗಿದೆವು. 2024ರಲ್ಲಿ ಕಾನೂನೂ ಬಂತು. ಮೆಡಿಕಲ್ ಸ್ಟೋರಿನ ಬೋರ್ಡು ಕನ್ನಡವಾಯಿತು. ಒಳಗಿನ ಮಾತ್ರೆ?

"ಕನ್ನಡದಲ್ಲಿ ಅದೆಲ್ಲಾ ಆಗಲ್ಲ ರೀ"

ಈ ರಾಗ ಕೇಳಿ ಕೇಳಿ ಕಿವಿ ತೂತಾಗಿದೆ. ವೈದ್ಯಕೀಯಕ್ಕೆ ಕನ್ನಡದಲ್ಲಿ ಪದಗಳಿಲ್ಲವಂತೆ! ಕೊರವಂಜಿ ಪತ್ರಿಕೆ ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಶಾಸ್ತ್ರವನ್ನು 'ಮನಮಂಥನ' ಅಂತ ಕನ್ನಡದಲ್ಲಿ ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಬರೆದು, ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಕೊಟ್ಟರು. ಹೆರಿಗೆ, ಮನೋರೋಗ ಎಲ್ಲಾ ಕನ್ನಡದಲ್ಲಿ ಹೇಳಬಹುದು. "ಈ ಮಾತ್ರೆ ಊಟದ ಜೊತೆ ತಗೊಳ್ಳಿ" ಅನ್ನುವುದು ಆಗಲ್ಲವಾ? ಮೆಟ್‌ಫಾರ್ಮಿನ್ ಅನ್ನು ಮೆಟ್‌ಫಾರ್ಮಿನ್ ಅಂತಲೇ ಬರೆಯಿರಿ, ಕನ್ನಡ ಅಕ್ಷರದಲ್ಲಿ. ಬಸ್ಸು, ಕಾರು, ಮೊಬೈಲು ಜೀರ್ಣಿಸಿಕೊಂಡ ಭಾಷೆಗೆ ಒಂದು ಮಾತ್ರೆ ಭಾರವಾ?

ಪದಗಳ ಕೊರತೆ ಇಲ್ಲ. ಮನಸ್ಸಿನ ಕೊರತೆ ಇದೆ.

ಮನಸ್ಸಿದ್ದರೆ ಏನಾಗುತ್ತೆ ನೋಡಿ. ಪಕ್ಕದ ತಮಿಳುನಾಡು 2021ರ ಆಗಸ್ಟ್‌ನಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯಿಂದಲೇ, ಸಕ್ಕರೆ ಮತ್ತು ಬಿಪಿ ಮಾತ್ರೆಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ಯೋಜನೆ ಶುರು ಮಾಡಿತು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದವು. 2024ರಲ್ಲಿ ಮನೆ ಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ಕೋಲಾರದಿಂದ ಶುರುವಾಯಿತು. ಒಳ್ಳೆಯ ಹೆಜ್ಜೆಗಳು, ಬೆನ್ನು ತಟ್ಟೋಣ. ಆದರೆ "ನಮ್ಮ ಕ್ಲಿನಿಕ್" ಹೆಸರಿನಲ್ಲಿ ಅರ್ಧ ಕನ್ನಡ ಇದೆ. ಆ ಅರ್ಧ ಬೋರ್ಡಿನಲ್ಲೇ ನಿಲ್ಲದೆ ಔಷಧಿ ಚೀಟಿಗೂ ಇಳಿಯಲಿ.

ನಮ್ಮ ಒತ್ತಾಯ

ಒಂದು: ಕರ್ನಾಟಕದಲ್ಲಿ ಮಾರುವ ಸಕ್ಕರೆ ಕಾಯಿಲೆಯ ಪ್ರತಿ ಔಷಧಿಗೂ ಒಂದು ಪುಟದ ಕನ್ನಡ ಚೀಟಿ ಬೇಕು. ಹೆಸರು, ಕೆಲಸ, ಯಾವಾಗ ನುಂಗಬೇಕು, ಸಕ್ಕರೆ ಕುಸಿದರೆ ಏನು ಮಾಡಬೇಕು. ಅಷ್ಟೇ.

ಎರಡು: ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿಯದಿರಲಿ, ಬೆಳಗ್ಗೆ-ಮಧ್ಯಾಹ್ನ-ರಾತ್ರಿಯ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಡಯಟ್ ಚಾರ್ಟಿನಲ್ಲಿ ಮುದ್ದೆ, ಬಸ್ಸಾರು ಇರಬೇಕು, ಅಳತೆ ಸಮೇತ.

ಮೂರು: ಆಹಾರದ ಪೊಟ್ಟಣದ ಮೇಲೆ ಮಾರುವ ರಾಜ್ಯದ ಭಾಷೆ ಕಡ್ಡಾಯವಾಗಬೇಕು. ಕೇಂದ್ರದ ನಿಯಮ ಬದಲಾಗಬೇಕು.

ನಾಲ್ಕು: 1954ರ ಕಾನೂನನ್ನು ಕನ್ನಡದ ಸುಳ್ಳು ಜಾಹೀರಾತುಗಳ ಮೇಲೆ ಬಳಸಬೇಕು. ಸುಳ್ಳು ಕನ್ನಡದಲ್ಲಿದ್ದರೆ ಅದು ಕನ್ನಡ ಸೇವೆ ಆಗುವುದಿಲ್ಲ! ಕನ್ನಡದಲ್ಲಿ ಮೋಸ ಮಾಡುವವನು ಕನ್ನಡಿಗನಿಗೆ ಎರಡು ಪಟ್ಟು ದ್ರೋಹಿ.

ನಿಮ್ಮ ಕೆಲಸ

ಸರ್ಕಾರ ಕಣ್ಣು ಬಿಡುವ ತನಕ ಕೈಕಟ್ಟಿ ಕೂರಬೇಡಿ. ನಿಮಗೆ ಎರಡೂ ಭಾಷೆ ಬರುತ್ತೆ. ಆ ಸಾಲ ತೀರಿಸಿ. ಒಂದು ರಟ್ಟಿನ ಮೇಲೆ ಮನೆಯ ಹಿರಿಯರ ಮಾತ್ರೆಗಳ ಮೂಲ ಹೆಸರು, ಹೊತ್ತು, ಪ್ರಮಾಣವನ್ನು ಕನ್ನಡದಲ್ಲಿ ದಪ್ಪಗೆ ಬರೆದು ಅಡುಗೆಮನೆಯಲ್ಲಿ ತೂಗುಹಾಕಿ. ಮುಂದಿನ ಸಲ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ರಾಜಾಜಿನಗರದ ಇಎಸ್‌ಐ ಇರಲಿ, ಬಡಾವಣೆಯ ನಮ್ಮ ಕ್ಲಿನಿಕ್ ಇರಲಿ, ಖಾಸಗಿ ಡಾಕ್ಟರಿರಲಿ, "ಕನ್ನಡದಲ್ಲಿ ಬಿಡಿಸಿ ಹೇಳಿ ಸಾರ್" ಅಂತ ಕೇಳಿ. ಜಗಳ ಬೇಡ, ಸಂಕೋಚವೂ ಬೇಡ. ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟ ನೋಡಿಸಿ, ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೂರು ಅಥವಾ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಬಿಪಿ ಮರೆಯಬೇಡಿ. ಮಾತ್ರೆ ದುಬಾರಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಅದೇ ಮೂಲ ಹೆಸರಿನದನ್ನು ಕೇಳಿ. ದುಡ್ಡಿಲ್ಲ ಅಂತ ಮಾತ್ರೆ ಅರ್ಧ ಮಾಡಿ ನುಂಗುವುದು ಬೇಡ.

ಮನೆಯವರ ಪಾದ ನೋಡಿ, ದಿನಾ. ಬೆರಳ ಸಂದಿಯಲ್ಲಿ ಹುಣ್ಣಿದೆಯಾ, ಬಿರುಕಿದೆಯಾ, ಬಣ್ಣ ಬದಲಾಗಿದೆಯಾ? ನರ ಸತ್ತ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಅಪ್ಪನಿಗೆ ಗೊತ್ತಾಗದ್ದು ನಿಮ್ಮ ಕಣ್ಣಿಗೆ ಬೀಳಬೇಕು. ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡುವ ಮಕ್ಕಳು ನಾವು. ಇನ್ನು ಮೇಲೆ ಮುಟ್ಟುವಾಗ ನೋಡಿ ಮುಟ್ಟೋಣ.